ಎಲ್ಡನ್ ರಿಂಗ್: ಕೈಚಳಕಕ್ಕೂ ಮೊದಲು ಲೆಕ್ಕ

"ನಮ್ಮ ಕೈ ಅಷ್ಟು ಚುರುಕಿಲ್ಲ" ಎಂದು ಎಲ್ಡನ್ ರಿಂಗ್ ಗೇಮನ್ನು ಅರ್ಧಕ್ಕೇ ಬಿಟ್ಟವರು ಬೆಂಗಳೂರಲ್ಲಿ ಬೇಕಾದಷ್ಟು ಸಿಗುತ್ತಾರೆ. ಜಪಾನಿನ ಫ್ರಮ್‌ಸಾಫ್ಟ್‌ವೇರ್ 2022ರ ಫೆಬ್ರವರಿಯಲ್ಲಿ ಹೊರತಂದ ಈ ಆಟದಲ್ಲಿ ಸಾಯುವುದು ಸಹಜ. ಆದರೆ ಆರಂಭದ ಬಹುಪಾಲು ಸಾವಿಗೆ ಪಾತ್ರದ ಅಂಕಿಗಳೇ ಕಾರಣ. ಅವನ್ನು ಸರಿಮಾಡಿಕೊಂಡರೆ ಇರುವ ಚುರುಕೇ ಸಾಕಾಗುತ್ತದೆ.

ಕಂಪ್ಯೂಟರಿನಲ್ಲಿ ಆಡಲು ಕನಿಷ್ಠ 12 ಜಿಬಿ ರ್‍ಯಾಮ್, 60 ಜಿಬಿ ಜಾಗ ಬೇಕು. 8 ಜಿಬಿ ಲ್ಯಾಪ್‌ಟಾಪ್ ಹಿಡಿದು ಎಸ್.ಪಿ. ರೋಡ್‌ನ ಕಂಪ್ಯೂಟರ್ ಅಂಗಡಿಗಳಿಗೆ ಹೊರಡುವ ಮುನ್ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಖಾಲಿ ಸ್ಲಾಟ್ ಇದೆಯೇ ನೋಡಿಕೊಳ್ಳಿ. ರ್‍ಯಾಮ್‌ನ ಪೀಳಿಗೆಯೂ ಹೊಂದಬೇಕು, ಡಿಡಿಆರ್4 ಸ್ಲಾಟಿಗೆ ಡಿಡಿಆರ್5 ಕೂರುವುದಿಲ್ಲ. ಕೆಲವು ತೆಳು ಮಾದರಿಗಳಲ್ಲಿ ರ್‍ಯಾಮ್ ಬೋರ್ಡಿಗೇ ಬೆಸೆದಿರುತ್ತದೆ.

ಆಟ ಶುರುಮಾಡುವಾಗ ಆರಿಸಿಕೊಳ್ಳಬಹುದಾದ ಹತ್ತು ಪಾತ್ರಗಳಲ್ಲಿ ಹೊಸಬರಿಗೆ ವ್ಯಾಗಬಾಂಡ್ ಎಂಬ ಕವಚಧಾರಿ ಯೋಧ ಒಳ್ಳೆಯ ಆಯ್ಕೆ. ಪ್ರಾಣಶಕ್ತಿಯನ್ನು ನಿರ್ಧರಿಸುವ ವಿಗರ್ ಅವನಿಗೆ 15 ಇದೆ, ಉಳಿದವರೆಲ್ಲರಿಗಿಂತ ಹೆಚ್ಚು. ತೊಟ್ಟ ಸಾಮಾನಿನ ತೂಕ ಮಿತಿಯ ಶೇ. 70ನ್ನು ಮುಟ್ಟಿದರೆ ಪಾತ್ರ ಉರುಳಿ ತಪ್ಪಿಸಿಕೊಳ್ಳುವುದು ನಿಧಾನವಾಗುತ್ತದೆ, ಏಟು ತಾಗುತ್ತದೆ. ಚೀಲದಲ್ಲಿರುವುದು ಲೆಕ್ಕಕ್ಕಿಲ್ಲ. ಅವನಿಗೆ ಆರಂಭದಲ್ಲೇ ಸಿಗುವ ಆಯುಧಗಳಲ್ಲಿ ಉದ್ದ ಹಿಡಿಯ ಹಾಲ್‌ಬರ್ಡ್ 8, ಲಾಂಗ್‌ಸೋರ್ಡ್ ಎಂಬ ಕತ್ತಿ 3.5 ತೂಗುತ್ತವೆ. ಒಂದನ್ನು ಬಳಸುತ್ತಿದ್ದರೆ ಇನ್ನೊಂದನ್ನು ಚೀಲಕ್ಕೆ ಹಾಕಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ವಿಗರ್. ಹೊಸಬರು ರೂನ್‌ಗಳನ್ನೆಲ್ಲ (ಶತ್ರುಗಳನ್ನು ಕೊಂದಾಗ ಸಿಗುವ, ಪಾತ್ರದ ಅಂಕಿ ಏರಿಸಲು ಖರ್ಚು ಮಾಡುವ ಹಣ) ಬಲಕ್ಕೆ ಸುರಿಯುತ್ತಾರೆ, ಏಕೆಂದರೆ ಹೊಡೆತ ಜೋರಾದರೆ ಕಾದಾಟ ಬೇಗ ಮುಗಿಯುತ್ತದೆಂಬ ನಂಬಿಕೆ. ಲೆಕ್ಕ ಬೇರೆಯೇ ಹೇಳುತ್ತದೆ. ವಿಗರ್ 15ಕ್ಕೆ ಪ್ರಾಣಶಕ್ತಿ 522, 25ಕ್ಕೆ 800, 40ಕ್ಕೆ 1450, 60ಕ್ಕೆ 1900, 99ಕ್ಕೆ 2100. ಅಂದರೆ 15ರಿಂದ 25ರವರೆಗೆ ವಿಗರ್‌ನ ಪ್ರತಿ ಅಂಕಕ್ಕೆ ಸುಮಾರು 28 ಪ್ರಾಣಶಕ್ತಿ ಸಿಗುತ್ತದೆ, 25ರಿಂದ 40ರವರೆಗೆ ಸುಮಾರು 43. ಆಮೇಲೆ ಅದು 22ಕ್ಕೆ ಇಳಿದು, 60 ದಾಟಿದ ಮೇಲೆ ಬರೀ 5 ಆಗುತ್ತದೆ. ಗೆರೆ ಮೊದಲು ಕಡಿದಾಗಿ ಏರಿ ಕೊನೆಗೆ ಬಹುತೇಕ ಚಪ್ಪಟೆಯಾಗುತ್ತದೆ. ಇಂಥ ತಿರುವನ್ನು ಆಟಗಾರರು ಸಾಫ್ಟ್ ಕ್ಯಾಪ್ ಎನ್ನುತ್ತಾರೆ. ಅತಿ ಹೆಚ್ಚು ಲಾಭ ಕೊಡುವ ಏರು 40ಕ್ಕಿಂತ ಕೆಳಗೇ ಇದೆ. ಮೊದಲ ದೊಡ್ಡ ಕೋಟೆಗೆ ಹೋಗುವ ಮುನ್ನ 25 ಮುಟ್ಟಿಸಿಕೊಂಡರೆ, ಒಂದೇ ಏಟಿಗೆ ಸಾಯುತ್ತಿದ್ದವರು ಎರಡನೇ ಏಟನ್ನು ನೋಡುವಷ್ಟು ಬದುಕುತ್ತಾರೆ. ಶತ್ರುವಿನ ಚಲನೆ ಕಲಿಯಲು ಆ ಸಮಯವೇ ಬೇಕಾದದ್ದು.

ಹಾಗಾದರೆ ಹೊಡೆತದ ಗತಿ? ಅದನ್ನು ಆಯುಧಕ್ಕೆ ಬಿಡಿ. ಆಯುಧದ ಮೂಲ ಹೊಡೆತಕ್ಕೆ ನಿಮ್ಮ ಬಲದ ಒಂದು ಪಾಲು ಗುಣಿಸಿ ಸೇರುತ್ತದೆ. ಶುರುವಿನಲ್ಲಿ ಆ ಪಾಲು ಚಿಕ್ಕದು. ಆಯುಧವನ್ನು ಹದಮಾಡಿದರೆ ಮೂಲವೇ ಹೆಚ್ಚುತ್ತದೆ, ಅದರ ಮೇಲೆ ನಿಂತ ಪಾಲೂ ಹೆಚ್ಚುತ್ತದೆ. ಆರಂಭದಲ್ಲೇ ಎದುರಾಗುವ ಪಾಳು ಚರ್ಚ್ ಆಫ್ ಎಲ್ಲೆಯಲ್ಲಿರುವ ಅಡಿಗಲ್ಲಿನ ಮೇಲೆ ಆಯುಧವನ್ನು +3ರವರೆಗೆ, ಅಂದರೆ ಮೂರು ಹಂತ, ಏರಿಸಬಹುದು. ಮಾಮೂಲಿ ಆಯುಧಕ್ಕೆ ಮೊದಲ ದರ್ಜೆಯ ಸ್ಮಿಥಿಂಗ್ ಸ್ಟೋನ್ ಎಂಬ ಕಲ್ಲು ಹಂತಕ್ಕೆ 2, 4, 6ರಂತೆ ಒಟ್ಟು 12 ಬೇಕು. ಅಘೀಲ್ ಕೆರೆಯ ಉತ್ತರಕ್ಕಿರುವ ಲಿಮ್‌ಗ್ರೇವ್ ಗಣಿಯ ಗೋಡೆಗಳಲ್ಲಿ ಹೊಳೆಯುವುದು ಇವೇ ಕಲ್ಲುಗಳು.

ಇಷ್ಟಾದ ಮೇಲೆ ಬೆರಳಿನ ವಿಷಯ. ಕಣ್ಣಿಗೆ ಕಂಡದ್ದಕ್ಕೆ ಬೆರಳು ಓಗೊಡಲು ಸಾಮಾನ್ಯವಾಗಿ 200ರಿಂದ 250 ಮಿಲಿಸೆಕೆಂಡ್ ಹಿಡಿಯುತ್ತದೆ. ಪರದೆಯ ಮೇಲೆ ಸೆಕೆಂಡಿಗೆ 60 ಚೌಕಟ್ಟು (ಫ್ರೇಮ್) ಓಡುವಾಗ ಅದು 12ರಿಂದ 15 ಚೌಕಟ್ಟು. ಟಿವಿ ಚಿತ್ರವನ್ನು ಸುಂದರಗೊಳಿಸಲು ಇನ್ನಷ್ಟು ತಡಮಾಡುತ್ತದೆ, ಆದ್ದರಿಂದ ಗೇಮ್ ಮೋಡ್ ಹಾಕಲೇಬೇಕು. ಹೆಚ್ಚಿನವರಿಗೆ ಹೊಳೆಯದ ಸಂಗತಿ ಇನ್ನೊಂದಿದೆ. ಉರುಳುವ ಬಟನ್ನನ್ನೇ ಒತ್ತಿಹಿಡಿದರೆ ಪಾತ್ರ ಓಡುತ್ತದೆ, ಹಾಗಾಗಿ ಬೆರಳು ಎತ್ತಿದ ಮೇಲಷ್ಟೇ ಉರುಳು ಶುರು. ಗಾಬರಿಯಲ್ಲಿ ಗಟ್ಟಿಯಾಗಿ ಅದುಮಿದಷ್ಟೂ ತಡ. ಚಿಟಿಕೆ ಹೊಡೆದಷ್ಟು ಹೊತ್ತು ತಟ್ಟಿ ಬಿಡಿ. ಪದೇ ಪದೇ ಒತ್ತಿದರೆ ಒಂದು ಒತ್ತು ಸರದಿಯಲ್ಲಿ ಉಳಿದು, ಬೇಡದ ಹೊತ್ತಿನಲ್ಲಿ ಇನ್ನೊಂದು ಉರುಳಾಗುತ್ತದೆ. ಮಾರ್ಗಿಟ್‌ನಂಥ ಶತ್ರು ಕೋಲೆತ್ತಿ ಬೇಕೆಂದೇ ತಡೆದು ನಿಲ್ಲುತ್ತಾನೆ. ಕೋಲು ಎದ್ದಾಗ ಉರುಳಬೇಡಿ, ಇಳಿಯತೊಡಗಿದಾಗ ಉರುಳಿ.

ದಾರಿಯ ಬಗ್ಗೆ ಹೇಳುವುದು ಕಡಿಮೆ. ಆಟದ ಆರಂಭದಲ್ಲಿ ಬಯಲಿಗೆ ಹೊರಬಂದ ಕೂಡಲೇ ಕಾಣುವ ಚಿನ್ನದ ಕವಚದ ಕುದುರೆ ಸವಾರನ ಗೊಡವೆ ಬೇಡ. ಬಯಲಿನಲ್ಲಿ ಮೂರು ಗ್ರೇಸ್ (ಕುಳಿತು ವಿಶ್ರಮಿಸುವ ಚಿನ್ನದ ಬೆಳಕಿನ ತಾಣ) ಮುಟ್ಟಿ ಕುಳಿತರೆ ಮೆಲಿನಾ ಎಂಬ ಯುವತಿ ಬಂದು ಕುದುರೆಯನ್ನೂ ಮಟ್ಟ ಏರಿಸುವ ಅವಕಾಶವನ್ನೂ ಕೊಡುತ್ತಾಳೆ. ಸತ್ತರೆ ಕೈಯಲ್ಲಿದ್ದ ರೂನ್ ಸತ್ತಲ್ಲೇ ಉಳಿಯುತ್ತವೆ. ಎತ್ತಿಕೊಳ್ಳುವ ಮೊದಲೇ ಮತ್ತೆ ಸತ್ತರೆ ಹೋದಂತೆಯೇ, ಆದ್ದರಿಂದ ಹೊಸ ಜಾಗಕ್ಕೆ ಇಳಿಯುವ ಮೊದಲು ಖರ್ಚು ಮಾಡಿಬಿಡಿ. ಗ್ರೇಸ್‌ನ ಬೆಳಕು ತೋರುವ ದಿಕ್ಕು ಮಾರ್ಗಿಟ್ ಇರುವ ಕೋಟೆ. ಅದನ್ನು ಸದ್ಯಕ್ಕೆ ಬಿಟ್ಟು ದಕ್ಷಿಣದ ಸೇತುವೆ ದಾಟಿ ವೀಪಿಂಗ್ ಪೆನಿನ್ಸುಲಾಗೆ ಹೋಗಿ. ಅಲ್ಲಿನ ಶತ್ರುಗಳು ಕೋಟೆಯವರಿಗಿಂತ ಸೌಮ್ಯ, ಮತ್ತು ಮೂರು ಪಾಳು ಚರ್ಚ್‌ಗಳಲ್ಲಿ ಒಂದೊಂದು ಸೇಕ್ರೆಡ್ ಟಿಯರ್ ಇದೆ. ಪ್ರತಿಯೊಂದೂ ನಿಮ್ಮ ಔಷಧದ ಪ್ರತಿ ಗುಟುಕಿನ ಬಲ ಹೆಚ್ಚಿಸುತ್ತದೆ.