ರಿಫ್ಲೆಕ್ಸ್ ಮೂರ್ಛೆ: ಮಿದುಳಿನ ರಕ್ತದ ಹರಿವು ಕುಸಿಯುವುದು ಹೇಗೆ?

ರಿಫ್ಲೆಕ್ಸ್ ಮೂರ್ಛೆ ಎಂದರೆ ನರಗಳ ಪ್ರತಿವರ್ತನೆಯಿಂದ ಬಡಿತ, ರಕ್ತದೊತ್ತಡ ಕುಸಿದು ಸ್ವಲ್ಪ ಹೊತ್ತು ಎಚ್ಚರ ತಪ್ಪುವುದು. ಅದರ ಸಾಮಾನ್ಯ ಬಗೆಯಾದ ವ್ಯಾಸೋವೇಗಲ್ ಮೂರ್ಛೆಯ ಪಾಠದಲ್ಲಿ ಹೃದಯದ ಬಗ್ಗೆ ಪುಟಗಟ್ಟಲೆ ಇರುತ್ತದೆ, ಮಿದುಳಿನ ಬಗ್ಗೆ ಒಂದೆರಡು ಸಾಲು. ಆದರೆ ಎಚ್ಚರ ತಪ್ಪುವುದು ಮಿದುಳಿಗೆ ರಕ್ತ ಸಾಲದೆ. ಹಾಗಾಗಿ ಈ ಟಿಪ್ಪಣಿ ಪೂರ್ತಿ ಅದರ ಬಗ್ಗೆಯೇ.

ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು ಶೇ. 2. ಹೃದಯ ಪಂಪ್ ಮಾಡುವ ರಕ್ತದಲ್ಲಿ ಅದು ಪಡೆಯುವುದು ಶೇ. 15ರಷ್ಟು. ಕೂಡಿಟ್ಟ ಆಮ್ಲಜನಕ ಇಲ್ಲವೇ ಇಲ್ಲ ಎನ್ನಬಹುದು. ಹರಿವು ಪೂರ್ತಿ ನಿಂತರೆ 6–8 ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ.

ಎದ್ದು ನಿಂತಾಗ ಅರ್ಧ ಲೀಟರಿಗೂ ಹೆಚ್ಚು ರಕ್ತ ಹೊಟ್ಟೆ, ಕಾಲುಗಳ ಸಿರೆಗಳಿಗೆ ಇಳಿಯುತ್ತದೆ. ಸಾಮಾನ್ಯವಾಗಿ ರಕ್ತನಾಳಗಳು ಬಿಗಿಯಾಗಿ, ಬಡಿತ ಹೆಚ್ಚಾಗಿ ಇದು ಸರಿಹೋಗುತ್ತದೆ. ವ್ಯಾಸೋವೇಗಲ್ ಮೂರ್ಛೆಯ ರೋಗಿಗಳಲ್ಲಿ ಸ್ವಲ್ಪ ಹೊತ್ತಿನ ಮೇಲೆ ಎಲ್ಲ ಉಲ್ಟಾ: ವೇಗಸ್ ನರ ಬಡಿತ ಇಳಿಸುತ್ತದೆ, ನಾಳಗಳನ್ನು ಬಿಗಿಯಾಗಿಡುವ ಸಿಂಪಥೆಟಿಕ್ ನರಗಳ ಹಿಡಿತ ಸಡಿಲವಾಗಿ ನಾಳಗಳು ಹಿಗ್ಗುತ್ತವೆ. ಬಡಿತ ಇಳಿದದ್ದೊಂದೇ ಕಾರಣವಲ್ಲ. ವೇಗಸ್ ನರದ ಪರಿಣಾಮ ತಡೆಯುವ ಅಟ್ರೋಪಿನ್ ಔಷಧ ಕೊಟ್ಟಾಗ ನಾಡಿ ಏರಿದರೂ ರಕ್ತದೊತ್ತಡ ಸರಿಹೋಗದ್ದನ್ನು ಬ್ರಿಟಿಷ್ ಹೃದ್ರೋಗ ತಜ್ಞ ಥಾಮಸ್ ಲೂಯಿಸ್ 1932ರಲ್ಲೇ ಬರೆದಿದ್ದರು.

ರಕ್ತದೊತ್ತಡ ಓದುವಾಗ ಹಲವರು ಮರೆಯುವುದು ತಲೆಯ ಎತ್ತರ. ನಿಂತವರ ತಲೆ ಹೃದಯಕ್ಕಿಂತ ಸುಮಾರು 30 ಸೆಂ.ಮೀ. ಮೇಲಿದ್ದರೆ ಅಲ್ಲಿ ಒತ್ತಡ ಸುಮಾರು 22 ಮಿ.ಮೀ. ಪಾದರಸದಷ್ಟು ಕಡಿಮೆ. ತೋಳಿನಲ್ಲಿ ಸರಾಸರಿ ಒತ್ತಡ 70 ತೋರಿಸಿದರೆ ಮಿದುಳಿಗೆ ಸಿಗುವುದು 48 ಮಾತ್ರ. ಒತ್ತಡ ಏರಿಳಿದರೂ ಹರಿವನ್ನು ಒಂದೇ ಮಟ್ಟದಲ್ಲಿಡುವ ಮಿದುಳಿನ ಸ್ವಯಂನಿಯಂತ್ರಣದ ಕೆಳಮಿತಿ ಪುಸ್ತಕಗಳ ಪ್ರಕಾರ 60ರ ಆಸುಪಾಸು. ಅಂದರೆ ತೋಳಿನ ಅಂಕಿ 'ಪರವಾಗಿಲ್ಲ' ಅನಿಸುವಾಗಲೇ ಮಿದುಳಿನ ಒತ್ತಡ ಆ ಮಿತಿಗಿಂತ ಕೆಳಗಿಳಿದಿರುತ್ತದೆ. ಮಲಗಿಸಿದರೆ ಬೇಗ ಎಚ್ಚರವಾಗುವುದಕ್ಕೆ ಇದೂ ಒಂದು ಕಾರಣ.

ಇನ್ನು ನಿಜವಾದ ತಕರಾರು. ಓರೆಯಾಗಿ ಎತ್ತಬಲ್ಲ ಮೇಜು, ಅಂದರೆ ಟಿಲ್ಟ್ ಟೇಬಲ್ ಮೇಲೆ ರೋಗಿಯನ್ನು 60–70 ಡಿಗ್ರಿ ಎತ್ತಿ, ಕಿವಿಯ ಮುಂದಿನ ತೆಳು ಮೂಳೆಯ ಮೂಲಕ ಅಲ್ಟ್ರಾಸೌಂಡ್ ಹಾಯಿಸುವ ಟ್ರಾನ್ಸ್‌ಕ್ರೇನಿಯಲ್ ಡಾಪ್ಲರ್‌ನಿಂದ ಮಿದುಳಿನ ಮುಖ್ಯ ನಾಳವಾದ ಮಿಡಲ್ ಸೆರೆಬ್ರಲ್ ಅಪಧಮನಿಯ ರಕ್ತದ ವೇಗ ನೋಡುತ್ತಾರೆ. ಮೂರ್ಛೆ ಹತ್ತಿರವಾದಂತೆ ಸಿಸ್ಟೋಲಿಕ್ ವೇಗ (ಹೃದಯ ಸಂಕುಚಿಸಿದಾಗಿನದು) ಅಷ್ಟಾಗಿ ಇಳಿಯುವುದಿಲ್ಲ, ಡಯಾಸ್ಟೋಲಿಕ್ ವೇಗ (ಹೃದಯ ಸಡಿಲಗೊಂಡಾಗಿನದು) ಪಾತಾಳಕ್ಕಿಳಿಯುತ್ತದೆ. ಲೆಕ್ಕಕ್ಕಾಗಿ ಅಂಕಿ ಊಹಿಸಿಕೊಳ್ಳಿ: ಮಲಗಿದಾಗ ಸೆಕೆಂಡಿಗೆ 90 ಮತ್ತು 42 ಸೆಂ.ಮೀ., ಸರಾಸರಿ 58, ಎರಡು ವೇಗಗಳ ವ್ಯತ್ಯಾಸವನ್ನು ಸರಾಸರಿಯಿಂದ ಭಾಗಿಸಿದ ಪಲ್ಸಟಿಲಿಟಿ ಸೂಚ್ಯಂಕ (90−42)/58, ಅಂದರೆ 0.83. ಮೂರ್ಛೆಯ ಹೊತ್ತಿಗೆ 70 ಮತ್ತು 10, ಸರಾಸರಿ 30, ಸೂಚ್ಯಂಕ 2.

ಸೂಚ್ಯಂಕ ಏರಿದ್ದನ್ನು ನಾಳಗಳ ಪ್ರತಿರೋಧ ಏರಿದ್ದರ ಗುರುತು ಎಂದು ಓದಿ, ಮಿದುಳಿನ ನಾಳಗಳೇ ಸಂಕುಚಿಸುತ್ತವೆ ಎಂದು 1990ರ ದಶಕದ ಆರಂಭದಲ್ಲಿ ವಾದಿಸಿದವರಿದ್ದಾರೆ. ನನಗೆ ಇದು ಅವಸರದ ತೀರ್ಮಾನ ಅನಿಸುತ್ತದೆ. ಡಯಾಸ್ಟೋಲಿಕ್ ಒತ್ತಡ ಕುಸಿದು, ಸಣ್ಣ ನಾಳಗಳು ಮುಚ್ಚಿಕೊಳ್ಳುವ ಮಟ್ಟದ ಹತ್ತಿರ ಬಂದರೂ ಇದೇ ಚಿತ್ರ ಬರುತ್ತದೆ. ಅದರ ಮೇಲೆ, ಬೀಳುವ ಮುನ್ನ ಹಲವರು ಜೋರಾಗಿ ಉಸಿರಾಡುತ್ತಾರೆ, ಇದರಿಂದ ರಕ್ತದ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ರಕ್ತದ ಕಾರ್ಬನ್ ಡೈಆಕ್ಸೈಡ್ ಒತ್ತಡ 1 ಮಿ.ಮೀ. ಇಳಿದರೆ ಮಿದುಳಿನ ಹರಿವು ಶೇ. 3ರಷ್ಟು ಇಳಿಯುತ್ತದೆ, ಇಲ್ಲಿ ಸಂಕೋಚನ ನಿಜ, ಆದರೆ ಕಾರಣ ಉಸಿರಾಟ. ಆದ್ದರಿಂದ ಒತ್ತಡ, ಉಸಿರಿನ ಕಾರ್ಬನ್ ಡೈಆಕ್ಸೈಡ್, ರಕ್ತದ ವೇಗ ಮೂರನ್ನೂ ಒಂದೇ ಕಾಲರೇಖೆಯಲ್ಲಿಟ್ಟು ಓದಬೇಕು. ಡಾಪ್ಲರ್ ಅಳೆಯುವುದು ವೇಗವನ್ನು, ಹರಿವನ್ನಲ್ಲ. ಅಪಧಮನಿಯ ಅಗಲ ಬದಲಾಗಿಲ್ಲ ಎಂದಾದರೆ ಮಾತ್ರ ಒಂದರಿಂದ ಇನ್ನೊಂದನ್ನು ಊಹಿಸಬಹುದು.