ಓಡುವ ಮುನ್ನ ಇನ್ಸುಲಿನ್ ಟೈಮ್ ಕೇಳಿ: ಟೈಪ್ 1 ಮಧುಮೇಹ ಮತ್ತು ವ್ಯಾಯಾಮ

ಟೈಪ್ 1 ಇರುವ ಮಕ್ಕಳು ಆಟಕ್ಕೆ ಹೊರಟಾಗ ನಾವೆಲ್ಲ ಮೊದಲು ಕೇಳುವುದು "ಏನಾದ್ರೂ ತಿಂದಿದ್ದೀಯಾ?" ಅಂತ. ಅದಕ್ಕೂ ಮೊದಲು ಕೇಳಬೇಕಾದದ್ದು, "ಇನ್ಸುಲಿನ್ ಎಷ್ಟು ಗಂಟೆಗೆ ತಗೊಂಡೆ?" ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ.

ಮಧುಮೇಹ ಇಲ್ಲದವರು ಓಡಲು ಶುರು ಮಾಡಿದರೆ ದೇಹ ತಾನಾಗಿ ಇನ್ಸುಲಿನ್ ಕಡಿಮೆ ಮಾಡುತ್ತದೆ. ಆಗ ಲಿವರ್ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ನಮ್ಮ ಕಡೆಯ ಜೋಳದ ಹಗೇವು (ನೆಲದಡಿಯ ಕಣಜ) ಇದ್ದ ಹಾಗೆ, ಬೇಕಾದಾಗ ತೆಗೆಯುವ ದಾಸ್ತಾನು ಅದು. ಟೈಪ್ 1ರಲ್ಲಿ ದೇಹ ತಾನೇ ಇನ್ಸುಲಿನ್ ತಯಾರಿಸಲಾರದು, ಇರುವುದೆಲ್ಲ ಚುಚ್ಚಿಕೊಂಡದ್ದು. ಒಮ್ಮೆ ಚರ್ಮದ ಕೆಳಗೆ ಹೋದರೆ ವಾಪಸ್ ಬರುವುದಿಲ್ಲ. ಓಡುವಾಗ ರಕ್ತದ ಹರಿವು ಹೆಚ್ಚಿ ಅದು ಇನ್ನೂ ಬೇಗ ರಕ್ತಕ್ಕೆ ಸೇರುತ್ತದೆ. ಅಷ್ಟು ಇನ್ಸುಲಿನ್ ಇರುವಾಗ ಲಿವರ್ ಸಕ್ಕರೆ ಬಿಡುವುದೇ ಕಡಿಮೆ. ಇತ್ತ ದುಡಿಯುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ಸಕ್ಕರೆ ಎಳೆದುಕೊಳ್ಳುತ್ತದೆ. ಶುಗರ್ ಇಳಿಯದೆ ಇನ್ನೇನಾಗಬೇಕು?

ಒಂದು ಲೆಕ್ಕ ಮಾಡೋಣ. ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೆ ಸಂಜೆ 5.30ಕ್ಕೆ ಒಬ್ಬ ಹುಡುಗಿ ಓಡಲು ಬರುತ್ತಾಳೆ ಅಂತಿಟ್ಟುಕೊಳ್ಳಿ. 4.30ಕ್ಕೆ ಅವಲಕ್ಕಿ ತಿಂದು, ಬೇಗ ಕೆಲಸ ಮಾಡುವ ಇನ್ಸುಲಿನ್ 4 ಯೂನಿಟ್ ಹಾಕಿಕೊಂಡಿದ್ದಾಳೆ. ಅದು 1ರಿಂದ 2 ಗಂಟೆಯೊಳಗೆ ಜೋರು ಹಿಡಿಯುತ್ತದೆ. ಅಂದರೆ ಸರಿಯಾಗಿ ಅವಳು ಟ್ರ್ಯಾಕ್ ಮೇಲಿರುವಾಗ! ಇಂಥ ಹೊತ್ತಿಗೆ ಆ ತಿಂಡಿಯ ಡೋಸನ್ನು 25ರಿಂದ 75 ಪರ್ಸೆಂಟ್‌ನಷ್ಟು ಕಡಿಮೆ ಮಾಡುತ್ತಾರೆ. ಎಷ್ಟು ಹೊತ್ತು, ಎಷ್ಟು ಜೋರಾಗಿ ಓಡುತ್ತಾಳೆ ಅನ್ನುವುದರ ಮೇಲೆ ಅವಳ ಡಾಕ್ಟರ್ ಅದನ್ನು ಗೊತ್ತುಮಾಡಬೇಕು. ಅದಕ್ಕಿಂತ ನಿಧಾನದ ರೆಗ್ಯುಲರ್ ಇನ್ಸುಲಿನ್ ಆದರೆ ಜೋರು ಹಿಡಿಯುವುದು 2ರಿಂದ 4 ಗಂಟೆಗೆ, ಆಗ ಇಡೀ ಲೆಕ್ಕ ಮುಂದಕ್ಕೆ ಸರಿಯುತ್ತದೆ. ಮುಂಜಾನೆ ಮಿಕ್ಸ್ ಇನ್ಸುಲಿನ್ (ಬೇಗದ್ದು, ನಿಧಾನದ್ದು ಎರಡೂ ಬೆರೆತದ್ದು) ತಗೊಳ್ಳುವವರಿಗೆ ಅದರ ನಿಧಾನದ ಭಾಗ ಮಧ್ಯಾಹ್ನ, ಸಂಜೆಗೂ ಕೆಲಸ ಮಾಡುತ್ತಿರುತ್ತದೆ. ಇದನ್ನು ಕೇಳದೆ ಸುಮ್ನೆ "ತಿಂದು ಓಡು" ಅಂದರೆ ಸಾಲದು.

ಶುರು ಮಾಡುವ ಮುನ್ನ ಮೀಟರ್ ನೋಡಲೇಬೇಕು. 2017ರಲ್ಲಿ ತಜ್ಞರು ಒಮ್ಮತದಿಂದ ಕೊಟ್ಟ ಸಲಹೆ ಹೀಗಿದೆ. ಶುಗರ್ 90ಕ್ಕಿಂತ (mg/dL ಲೆಕ್ಕದಲ್ಲಿ) ಕಡಿಮೆ ಇದ್ದರೆ 10ರಿಂದ 20 ಗ್ರಾಂ ಗ್ಲುಕೋಸ್ ತಗೊಂಡು, 90 ದಾಟುವ ತನಕ ಕಾಯಬೇಕು. 90ರಿಂದ 124 ಇದ್ದರೆ 10 ಗ್ರಾಂ ತಗೊಂಡು ಹೊರಡಬಹುದು. 126ರಿಂದ 180 ಒಳ್ಳೆಯದು. ಕಾರಣವಿಲ್ಲದೆ 270 ದಾಟಿದ್ದರೆ ಕೀಟೋನ್ (ಇನ್ಸುಲಿನ್ ಸಾಲದಾಗ ಕೊಬ್ಬು ಕರಗಿ ಬರುವ ಆಮ್ಲ) ನೋಡಿ. ರಕ್ತದ ಕೀಟೋನ್ 1.5 mmol/L ಅಥವಾ ಜಾಸ್ತಿ ಇದ್ದರೆ ಆಟವೇ ಬೇಡ. ಹಿಂದಿನ 24 ಗಂಟೆಯಲ್ಲಿ ಬೇರೆಯವರ ನೆರವು ಬೇಕಾಗುವಷ್ಟು ಶುಗರ್ ಇಳಿದಿದ್ದರೂ ಅಷ್ಟೇ.

ಎಲ್ಲ ಆಟದಲ್ಲೂ ಶುಗರ್ ಇಳಿಯುವುದಿಲ್ಲ. ಕಬಡ್ಡಿ, 100 ಮೀಟರ್ ಓಟ, ಭಾರ ಎತ್ತುವುದು, ಇವುಗಳಲ್ಲಿ ಅಡ್ರಿನಲಿನ್ ಅನ್ನುವ ಹಾರ್ಮೋನ್ ಏರಿ ಲಿವರ್ ಸಕ್ಕರೆ ಸುರಿಯುತ್ತದೆ. ಪಂದ್ಯ ಮುಗಿದಾಗ 240 ಕಂಡಿತು ಅಂತ ಗಾಬರಿಯಾಗಿ ಪೂರ್ತಿ ಡೋಸ್ ಚುಚ್ಚಿದರೆ, ಅದು ರಾತ್ರಿ ಕೈಕೊಡುತ್ತದೆ.

ರಾತ್ರಿಯ ಮಾತು ಇನ್ನೂ ಮುಖ್ಯ. ಖಾಲಿಯಾದ ಸ್ನಾಯು ಗಂಟೆಗಟ್ಟಲೆ ರಕ್ತದಿಂದ ಸಕ್ಕರೆ ತುಂಬಿಕೊಳ್ಳುತ್ತಲೇ ಇರುತ್ತದೆ. ಸಂಜೆ ಓಡಿದ ಮಗುವಿಗೆ ನಡುರಾತ್ರಿ ನಿದ್ದೆಯಲ್ಲೇ ಲೋ ಆಗುವುದು (ಶುಗರ್ ತೀರಾ ಇಳಿಯುವುದು) ಇದರಿಂದಲೇ. ಮಲಗುವ ಮುನ್ನ ಒಮ್ಮೆ, ಜಾಸ್ತಿ ಓಡಿದ ದಿನ ನಡುರಾತ್ರಿ 2-3 ಗಂಟೆಯ ಹೊತ್ತಿಗೂ ಒಮ್ಮೆ ನೋಡಲು ಮನೆಯವರಿಗೆ ಹೇಳಿಕೊಡಿ. ಅಂಥ ರಾತ್ರಿ ದೀರ್ಘ ಹೊತ್ತು ಕೆಲಸ ಮಾಡುವ ಇನ್ಸುಲಿನ್ ಸುಮಾರು 20 ಪರ್ಸೆಂಟ್ ಕಡಿಮೆ ಮಾಡುವ ರೂಢಿಯೂ ಇದೆ. ಇದನ್ನೂ ಡಾಕ್ಟರ್ ಕೇಳದೆ ಮಾಡಬಾರದು.

ಇನ್ನು ಜೇಬಿನಲ್ಲಿ ಏನಿರಬೇಕು? ಶೇಂಗಾ ಚಿಕ್ಕಿ ಕೊಡುವವರಿದ್ದಾರೆ, ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ಶೇಂಗಾದ ಎಣ್ಣೆ ಸಕ್ಕರೆಯನ್ನು ತಡೆದು ನಿಧಾನ ಮಾಡುತ್ತದೆ. 70ಕ್ಕಿಂತ ಇಳಿದಾಗ ಬೇಕಾದದ್ದು ಸುಮಾರು 15 ಗ್ರಾಂ ಗ್ಲುಕೋಸ್ ಪುಡಿ, ಅದಿಲ್ಲದಿದ್ದರೆ ಮೂರು ಟೀ ಚಮಚ ಸಕ್ಕರೆ. ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಮೀಟರ್ ನೋಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಮಗ್ಗುಲಾಗಿ ಮಲಗಿಸಿ ಕೂಡಲೇ 108ಕ್ಕೆ ಫೋನ್ ಮಾಡಿ.

ನಮ್ಮ ಬೇಸಿಗೆಯಲ್ಲಿ ಇನ್ನೊಂದು ತೊಡಕಿದೆ. 40 ಡಿಗ್ರಿ ದಾಟಿದ ಬಿಸಿಲಿಗೆ ಎಲ್ಲರೂ ಬೆವರುತ್ತಾರೆ. ಲೋ ಆದಾಗಲೂ ಬೆವರು, ನಡುಕ, ಸುಸ್ತೇ ಬರುವುದು. ನೋಡಿ ಹೇಳಲು ಆಗುವುದಿಲ್ಲ, ಬೆರಳು ಚುಚ್ಚಿ ನೋಡಬೇಕು. ಇನ್ಸುಲಿನ್ ಪೆನ್ನನ್ನು ಬೈಕಿನ ಡಿಕ್ಕಿಯಲ್ಲಿ ಬಿಟ್ಟು ಮೈದಾನಕ್ಕೆ ಇಳಿಯುವುದಂತೂ ಬೇಡವೇ ಬೇಡ. ಆ ಬಿಸಿಗೆ ಇನ್ಸುಲಿನ್ ಕೆಡುತ್ತದೆ.