ಐದನೇ ಪ್ರಯತ್ನಕ್ಕೆ ಒಡೆಯುವ ಸಂಖ್ಯೆ

32 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದಕ್ಕೆ ಒಂದು ಕೂಡಿಸಿ. 4294967297 ಸಿಗುತ್ತದೆ. ನೋಡೋಕೆ ಸಾಧಾರಣ ಸಂಖ್ಯೆ. ಆದರೆ ಫರ್ಮಾನಂಥ ಗಣಿತಜ್ಞನೇ ಇದರ ಮುಂದೆ ಎಡವಿದ.

2ರ ಘಾತ 1, 2, 4, 8, 16 ಎಂದು ದುಪ್ಪಟ್ಟಾಗುತ್ತಾ ಹೋಗಲಿ, ಪ್ರತಿ ಸಲ ಒಂದು ಕೂಡಿಸೋಣ. 3, 5, 17, 257, 65537 ಬರುತ್ತವೆ. ಐದೂ ಅವಿಭಾಜ್ಯ ಸಂಖ್ಯೆಗಳು. ಮುಂದಿನವೂ ಹಾಗೇ ಇರುತ್ತವೆ ಎಂದು 1640ರ ಹೊತ್ತಿಗೆ ಫರ್ಮಾ ನಂಬಿದ್ದ. ಅದನ್ನು ಸಾಬೀತು ಮಾಡೋದು ಮಾತ್ರ ಅವನಿಂದ ಆಗಿರಲಿಲ್ಲ. 1732ರಲ್ಲಿ ಗಣಿತಜ್ಞ ಆಯ್ಲರ್ ಆರನೆಯದಾದ 4294967297ನ್ನೇ ಒಡೆದು ತೋರಿಸಿದ: 641 × 6700417.

ಸುಮ್ನೆ ಭಾಗಿಸುತ್ತಾ ಕೂತರೆ ಇದು ದೊಡ್ಡ ಕೆಲಸ. ವರ್ಗಮೂಲದವರೆಗೆ 6542 ಅವಿಭಾಜ್ಯಗಳಿವೆ. ಆದರೆ ಈ ಸಂಖ್ಯೆಯನ್ನು ಭಾಗಿಸುವ ಯಾವುದೇ ಅವಿಭಾಜ್ಯ, 64ರ ಗುಣಕಕ್ಕಿಂತ ಒಂದು ಹೆಚ್ಚಿರಲೇಬೇಕು. ಹಾಗಾದರೆ ಪರೀಕ್ಷಿಸಬೇಕಾದವು 193, 257, 449, 577, 641. ಐದನೆಯದಕ್ಕೇ ಸಂಖ್ಯೆ ಒಡೆಯುತ್ತದೆ! ಈ ನಿಯಮಕ್ಕೆ ಬೇಕಾದ ಮೂಲ ಪ್ರಮೇಯವನ್ನು ಕಂಡುಹಿಡಿದವನು ಫರ್ಮಾನೇ. ಹತ್ಯಾರು ಅವನ ಕೈಯಲ್ಲೇ ಇತ್ತು. ಅದನ್ನು ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಭಾಗಾಕಾರವನ್ನೇ ಮಾಡದೆ 641ನ್ನು ಪರೀಕ್ಷಿಸುವ ದಾರಿಯೂ ಇದೆ. ನನಗೆ ಅದೇ ಹೆಚ್ಚು ಇಷ್ಟ. 640 ಅಂದರೆ 5 × 2⁷. ಅದು 641ಕ್ಕಿಂತ ಒಂದು ಕಡಿಮೆ, ಹಾಗಾಗಿ 641ರಿಂದ ಭಾಗಿಸಿದಾಗ ಅದರ ಶೇಷ −1 ಎನ್ನೋಣ. ನಾಲ್ಕನೇ ಘಾತಕ್ಕೆ ಏರಿಸಿದರೆ ಶೇಷ +1 ಆಗುತ್ತದೆ, ಅಲ್ವಾ? ಅಂದರೆ 625 × 2²⁸ರ ಶೇಷ 1. ಈಗ 625 ನೋಡಿ. ಅದು 641ಕ್ಕಿಂತ 16 ಕಡಿಮೆ, ಅದರ ಶೇಷ −16, ಅಂದರೆ −2⁴. ಅದನ್ನು 625ರ ಜಾಗದಲ್ಲಿ ಹಾಕಿದರೆ −2³²ರ ಶೇಷ 1 ಎಂದಾಯಿತು. 2³²ರ ಶೇಷ −1. ಅದಕ್ಕೆ ಒಂದು ಕೂಡಿಸಿದರೆ ಸೊನ್ನೆ. ಕೆಲಸ ಮುಗಿಯಿತು. 641ನ್ನು ಎರಡು ರೀತಿ ಬರೆಯಲು ಬರುತ್ತದೆ ಎಂಬುದಷ್ಟೇ ಇಲ್ಲಿನ ಬಂಡವಾಳ.

ಪಕ್ಕದ ಸಂಖ್ಯೆಗಳೂ ಕಡಿಮೆಯವಲ್ಲ. ಒಂದು ಕಡಿಮೆ ಮಾಡಿದರೆ 4294967296. ಇಂಟರ್‌ನೆಟ್‌ನ ಹಳೆಯ ವಿಳಾಸ ಪದ್ಧತಿಯಲ್ಲಿ ಇರುವುದು ಇಷ್ಟೇ ವಿಳಾಸ. ಇನ್ನೊಂದು ಕಡಿಮೆ ಮಾಡಿದರೆ 4294967295. ಇದು 3 × 5 × 17 × 257 × 65537, ಅಂದರೆ ಫರ್ಮಾನ ಐದು ಅವಿಭಾಜ್ಯಗಳ ಗುಣಲಬ್ಧ.

ಇಲ್ಲಿ ರೇಖಾಗಣಿತ ಒಳಗೆ ಬರುತ್ತದೆ. 17 ಬಾಹುಗಳ ಸಮಬಹುಭುಜವನ್ನು ಬರೀ ರೂಲರ್ ಮತ್ತು ಕೈವಾರದಿಂದ ರಚಿಸಬಹುದು ಎಂದು 1796ರಲ್ಲಿ ಗಣಿತಜ್ಞ ಗೌಸ್ ಕಂಡುಕೊಂಡ. ಆಗ ಅವನಿಗೆ 18 ವರ್ಷ. ಬಾಹುಗಳ ಸಂಖ್ಯೆ ಬೆಸವಾಗಿದ್ದರೆ, ಹೀಗೆ ರಚಿಸಲು ಅದು ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧ ಆಗಿರಬೇಕು. ಹೀಗೆ ರಚಿಸಬಹುದು ಎಂದು ಗೊತ್ತಿರುವ ಬೆಸ ಬಾಹುಗಳ ಬಹುಭುಜಗಳಲ್ಲಿ ಅತಿ ದೊಡ್ಡದಕ್ಕೆ 4294967295 ಬಾಹುಗಳು.

ಆರನೇ ಫರ್ಮಾ ಅವಿಭಾಜ್ಯ ಸಿಕ್ಕರೆ ಈ ದಾಖಲೆ ಅವತ್ತೇ ಮುರಿಯುತ್ತದೆ. ಸೊನ್ನೆಯಿಂದ ಎಣಿಸಿದರೆ ನಮ್ಮ ಸಂಖ್ಯೆ 5ನೆಯದು. ಅಲ್ಲಿಂದ 32ನೆಯದರವರೆಗೆ ಒಂದೂ ಅವಿಭಾಜ್ಯ ಅಲ್ಲ ಎಂದು ಸಾಬೀತಾಗಿದೆ. 33ನೆಯದರಲ್ಲಿ 258 ಕೋಟಿಗೂ ಜಾಸ್ತಿ ಅಂಕಿಗಳಿವೆ, ಅದರ ತೀರ್ಪು ಇನ್ನೂ ಬಂದಿಲ್ಲ.